ಹುಟ್ಟುಗುಣವೋ, ಬೊಕ್ಕಸದ ಗುಣವೋ?

ಚಲಚ್ಚಿತ್ರದ ತೆರೆಯ ಮೇಲೆ ರಷ್ಯನ್ನನೊಬ್ಬ ಕಾಣಿಸಿಕೊಂಡನೆಂದರೆ, ಅವನ ತಲೆಯ ಮೇಲೆ ತುಪ್ಪುಳದ ಟೋಪಿಯೂ ಕೈಯಲ್ಲಿ ವೋಡ್ಕಾ ಸೀಸೆಯೂ ಇರಲೇಬೇಕು. ಕುಡಿತವು ರಷ್ಯನ್ನರ ರಕ್ತಗುಣವೆಂಬುದು ಲೋಕದ ನಂಬಿಕೆ. ರಷ್ಯನ್ನರೇ ಹಾಗೆಂದು ಹೇಳಿಕೊಂಡು ನಗುವುದೂ ಉಂಟು. ಅದಕ್ಕೆ ಆಧಾರವಾಗಿ ಒಂದು ಹಳೆಯ ಕಥೆಯೂ ಇದೆ. ಕೀಯೆವ್ ನಗರದ ದೊರೆ ವ್ಲಾದಿಮಿರ್ ತನ್ನ ಪ್ರಜೆಗಳಿಗಾಗಿ ಹೊಸ ಮತವೊಂದನ್ನು ಆರಿಸಹೊರಟನಂತೆ. ಇಸ್ಲಾಮಿನಲ್ಲಿ ಮದ್ಯ ನಿಷಿದ್ಧವೆಂದು ಕೇಳಿ, ಪಾನವಿಲ್ಲದೆ ತನ್ನ ಜನಕ್ಕೆ ಸುಖವಿಲ್ಲವೆಂದು ಅದನ್ನು ಬಿಟ್ಟು, 988ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದನಂತೆ. ಇದನ್ನು ಬರೆದಿಟ್ಟವರು ಅವನಿಗಿಂತ ನೂರು ವರ್ಷಗಳಿಗೂ ಈಚಿನ ಕ್ರೈಸ್ತ ಸಂನ್ಯಾಸಿಗಳು. ವ್ಲಾದಿಮಿರನ ಕಾಲದಲ್ಲಿ ಜನ ಕುಡಿಯುತ್ತಿದ್ದುದು ಜೇನಿನ ಮದ್ಯ ಮತ್ತು ಬೀರು. ವೋಡ್ಕಾ ಇನ್ನೂ ಹುಟ್ಟಿಯೇ ಇರಲಿಲ್ಲ.

ಹಾಗಾದರೆ ಆ ವೋಡ್ಕಾವನ್ನು ಊರೂರಿಗೆ ಮುಟ್ಟಿಸಿದವರು ಯಾರು? ಹದಿನಾರನೆಯ ಶತಮಾನದಲ್ಲಿ, ನಾಲ್ಕನೆಯ ಇವಾನನ ಆಳ್ವಿಕೆಯಲ್ಲಿ, ‘ಕಬಾಕ್’ ಎಂಬ ಸರ್ಕಾರಿ ಪಾನಗೃಹಗಳು ತಲೆಯೆತ್ತಿದವು. ಅಲ್ಲಿ ಮಾರಾಟ ಮಾಡುವವನಿಗೆ ‘ಮುತ್ತಿಟ್ಟವನು’ ಎಂಬ ಅರ್ಥದ ಹೆಸರಿತ್ತು. ಬಂದ ಹಣವನ್ನು ಕದಿಯದೆ ಬೊಕ್ಕಸಕ್ಕೆ ಸಲ್ಲಿಸುವೆನೆಂದು ಅವನು ಶಿಲುಬೆಗೆ ಮುತ್ತಿಟ್ಟು ಪ್ರಮಾಣ ಮಾಡಬೇಕಾಗಿತ್ತು. ಮುಂದೆ ಅಬಕಾರಿ ಗುತ್ತಿಗೆದಾರರು ಬಂದರು. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಸಾಮ್ರಾಜ್ಯದ ವರಮಾನದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ವೋಡ್ಕಾದಿಂದಲೇ ಬರುತ್ತಿತ್ತು.

ಆಗ ನಡೆದ ಒಂದು ಘಟನೆಯನ್ನು ಲೋಕ ಮರೆತೇಬಿಟ್ಟಿದೆ. 1858ರಲ್ಲಿ ಲಿಥುವೇನಿಯದಲ್ಲಿ ಆರಂಭವಾಗಿ, ಮರುವರ್ಷ ರಷ್ಯದ ಒಳನಾಡಿಗೂ ಹಬ್ಬಿದಂತೆ, ಹಳ್ಳಿಹಳ್ಳಿಯ ರೈತರು ಸಭೆ ಸೇರಿ ಇನ್ನು ವೋಡ್ಕಾ ಮುಟ್ಟುವುದಿಲ್ಲವೆಂದು ಆಣೆಯಿಟ್ಟರು. ಪ್ರಜೆಗಳು ಕುಡಿತ ಬಿಟ್ಟರೆಂದು ಸರ್ಕಾರ ಸಂತೋಷಪಡಬೇಕಾಗಿತ್ತಲ್ಲವೆ? ಅದು ಪಾನವಿರೋಧಿ ಸಂಘಗಳನ್ನೇ ನಿಷೇಧಿಸಿತು! 1859ರ ಬೇಸಿಗೆಯಲ್ಲಿ ರೊಚ್ಚಿಗೆದ್ದ ರೈತರು ಪಾನಗೃಹಗಳನ್ನು ಒಡೆದಾಗ ಸೈನ್ಯ ಬಂದಿತು. ಅನೇಕರು ಚಾವಟಿಯೇಟು ತಿಂದರು; ಹಲವರು ಗಡೀಪಾರಾದರು. ಕುಡಿದುದಕ್ಕಾಗಿ ಅಲ್ಲ, ಕುಡಿಯಲೊಲ್ಲೆವೆಂದುದಕ್ಕಾಗಿ.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಎರಡನೆಯ ನಿಕೊಲಾಸ್ ವೋಡ್ಕಾ ಮಾರಾಟವನ್ನು ನಿಲ್ಲಿಸಿದನು. ರಾಜ್ಯದ ಆದಾಯದ ಸುಮಾರು ಕಾಲುಭಾಗ ಅದರೊಡನೆ ಹೋಯಿತು. ಕ್ರಾಂತಿಯ ನಂತರ ಬಂದ ಬೋಲ್ಷೆವಿಕರೂ ಮೊದಲು ವೋಡ್ಕಾವನ್ನು ದೂರವಿಟ್ಟರು. ಆದರೆ ಹಣದ ಅಡಚಣೆ ಯಾವ ಸಿದ್ಧಾಂತವನ್ನು ಬಿಟ್ಟೀತು? 1925ರಲ್ಲಿ ಸೋವಿಯತ್ ಸರ್ಕಾರವೇ ವೋಡ್ಕಾ ವ್ಯಾಪಾರಕ್ಕೆ ಇಳಿಯಿತು.

ಆ ವ್ಯಾಪಾರಕ್ಕೆ ಕಡಿವಾಣ ಹಾಕಹೊರಟವರು ಗೊರ್ಬಚೇವ್. 1985ರ ಮೇ ತಿಂಗಳಲ್ಲಿ ಪಾನನಿರೋಧದ ಚಳವಳಿ ಹೂಡಿದ ಈ ‘ಗೆನೆರಾಲ್ನಿ ಸೆಕ್ರೆತಾರ್’ ಜನರ ಬಾಯಲ್ಲಿ ‘ಮಿನೆರಾಲ್ನಿ ಸೆಕ್ರೆತಾರ್’, ಎಂದರೆ ಸೋಡಾನೀರಿನ ಕಾರ್ಯದರ್ಶಿ, ಆದರು. ದ್ರಾಕ್ಷಿತೋಟಗಳು ನೆಲಸಮವಾದವು, ಕಳ್ಳಭಟ್ಟಿಗೆ ಸಕ್ಕರೆ ಹರಿದುಹೋಗಿ ಅಂಗಡಿಗಳಲ್ಲಿ ಸಕ್ಕರೆಯೇ ಇಲ್ಲವಾಯಿತು. ಚಳವಳಿ ಮುರಿದುಬಿತ್ತು. ಆದರೂ ಎರಡೇ ವರ್ಷಗಳಲ್ಲಿ ರಷ್ಯನ್ ಗಂಡಸರ ಸರಾಸರಿ ಆಯುಸ್ಸು ಸುಮಾರು 62ರಿಂದ 65ಕ್ಕೆ ಏರಿತ್ತೆಂಬುದನ್ನು ನಗುವವರು ಗಮನಿಸಲಿಲ್ಲ. 1992ರಲ್ಲಿ ಮಾರಾಟದ ಕಟ್ಟು ಸಡಿಲಿತು; ಬಡತನವೂ ಅರಾಜಕತೆಯೂ ಜೊತೆಗೂಡಿದವು. 1994ರಲ್ಲಿ ಅದೇ ಆಯುಸ್ಸು 58ಕ್ಕಿಂತ ಕೆಳಗಿಳಿಯಿತು. ಲೋಕ ನಗುತ್ತಿದ್ದ ವಿನೋದದ ಹಿಂದೆ ಎಷ್ಟು ಮನೆಗಳ ದೀಪ ಆರಿದ್ದವು!

ಹೊಸ ಶತಮಾನದಲ್ಲಿ ಮತ್ತೆ ಬಿಗಿ ಬಂದಿತು: ವೋಡ್ಕಾಕ್ಕೆ ಕನಿಷ್ಠ ಬೆಲೆ, ರಾತ್ರಿ ಮಾರಾಟಕ್ಕೆ ತಡೆ, ಜಾಹೀರಾತಿಗೆ ಅಂಕುಶ. ಅಲ್ಲಿಯವರೆಗೆ ಆಹಾರಪದಾರ್ಥವೆಂದು ಎಣಿಸಲಾಗುತ್ತಿದ್ದ ಬೀರು 2011ರ ಕಾನೂನಿನಿಂದ ಮದ್ಯವೆನಿಸಿತು. 2003ರಿಂದ 2016ರೊಳಗೆ ರಷ್ಯದ ತಲಾ ಮದ್ಯಪಾನ ಶೇಕಡ 43ರಷ್ಟು ಇಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವರದಿ ಮಾಡಿತು. ಆ ವೇಳೆಗೆ ಗಂಡಸರ ಸರಾಸರಿ ಆಯುಸ್ಸು 68ನ್ನು ಮುಟ್ಟಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಕನ್ನಡದ ಗಾದೆ. ಹದಿಮೂರು ವರ್ಷಗಳಲ್ಲಿ ಅರ್ಧಕ್ಕೆ ಸಮೀಪ ಇಳಿದುಹೋದದ್ದು ಹುಟ್ಟುಗುಣ ಹೇಗಾದೀತು? ಒಂದು ಜನಾಂಗದ ಮೇಲೆ ಹೊರಿಸಿದ ದುರ್ಗುಣವನ್ನು ಅದರ ಸ್ವಭಾವವೆಂದು ಒಪ್ಪಿಬಿಟ್ಟರೆ, ಅದರಿಂದ ಲಾಭ ಪಡೆದವರನ್ನು ಕೇಳುವವರಿಲ್ಲ. ಸಾಯುವವರನ್ನು ಉಳಿಸುವ ಹೊಣೆಯೂ ಯಾರ ಮೇಲೂ ಬೀಳುವುದಿಲ್ಲ. 1859ರ ಆ ರೈತರ ಬೆನ್ನಿನ ಬಾಸುಂಡೆಗಳು ಸಾರಿದ ಸತ್ಯ ಇದೇ.