ಕಾರ್ಡು ರದ್ದಾದರೆ ಹಿಂಬರಹ ಕೇಳಿ



2024ರ ನವೆಂಬರಿನಲ್ಲಿ ಬಿ.ಪಿ.ಎಲ್. ಕಾರ್ಡು ರದ್ದಾದ ಸಂಗತಿ ಅನೇಕರಿಗೆ ತಿಳಿದದ್ದೇ ನ್ಯಾಯಬೆಲೆ ಅಂಗಡಿಯ ಮುಂದೆ. ಗದ್ದಲವೆದ್ದ ಮೇಲೆ, ತೆರಿಗೆದಾರರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸಲು ಸರ್ಕಾರ ಸೂಚಿಸಿತು. ಸಂತೋಷ. ಆದರೆ ಮೊದಲೇ ಒಂದು ಮಾತು ಕೇಳಬಾರದಿತ್ತೆ? ಸಾಲಕ್ಕೆಂದು ತೆರಿಗೆ ವಿವರ ಸಲ್ಲಿಸಿದವನೆಲ್ಲ ಸಾಹುಕಾರನಲ್ಲ.

ಅಮೆರಿಕದ ಸುಪ್ರೀಂ ಕೋರ್ಟು 1970ರಲ್ಲಿ ಗೋಲ್ಡ್‌ಬರ್ಗ್–ಕೆಲ್ಲಿ ಮೊಕದ್ದಮೆಯಲ್ಲಿ ಹೇಳಿದ್ದೂ ಇದನ್ನೇ: ಬಡವರ ನೆರವು ನಿಲ್ಲಿಸುವ ಮುನ್ನ ಕಾರಣ ತಿಳಿಸಿ, ಅವರ ಅಹವಾಲು ಕೇಳತಕ್ಕದ್ದು. ನಿಲ್ಲಿಸಿದ ಮೇಲೆ ಹಸಿದವನು ಕಛೇರಿ ಅಲೆಯುವುದೆಂತು?

ನಮ್ಮಲ್ಲಿ 2013ರ ಆಹಾರ ಭದ್ರತಾ ಕಾಯ್ದೆಯಂತೆ ಜಿಲ್ಲಾ ಕುಂದುಕೊರತೆ ಅಧಿಕಾರಿಗೆ ದೂರು, ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಉಂಟು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸದಸ್ಯರು ರದ್ದತಿಯ ಕಾರಣಕ್ಕೆ ಲಿಖಿತ ಹಿಂಬರಹ ಕೇಳಿ ಪಡೆಯಿರಿ. ಅಡಿಕೆ ಸುಲಿಯಲು ಬರುವ ಅಜ್ಜಿಯರನ್ನು ಸಂಘಕ್ಕೆ ಕಳುಹಿಸಿ. ಅರ್ಜಿ ನಾನೇ ಬರೆದುಕೊಡುತ್ತೇನೆ.