ಮೊಸೆಲ್ ದಡದ ಪಾನಕ

ರಸವೆಂದರೇನೆಂದು ವಿದ್ಯಾರ್ಥಿಗಳಿಗೆ ತಿಳಿಸಬೇಕಾದಾಗಲೆಲ್ಲ ನಾನು ಪಾನಕದ ದೃಷ್ಟಾಂತಕ್ಕೆ ಮೊರೆಹೋಗುತ್ತೇನೆ. ನಮ್ಮ ಆಲಂಕಾರಿಕರಿಗೆ ಪ್ರಿಯವಾದ ದೃಷ್ಟಾಂತವದು. ಬೆಲ್ಲದ ಸಿಹಿ, ಮೆಣಸಿನ ಖಾರ, ಹಣ್ಣಿನ ಹುಳಿ ಬೇರೆಬೇರೆಯಾಗಿ ತೋರದೆ, ಯಾವೊಂದರಲ್ಲಿಯೂ ಇಲ್ಲದ ಹೊಸ ಆಸ್ವಾದವೊಂದಾಗುವುದಲ್ಲವೆ? ಹಲವು ವರ್ಷ ಪಾಠ ಹೇಳಿದ ಈ ಮಾತು ನನಗೆ ಮನದಟ್ಟಾದುದು ಮಾತ್ರ ಜರ್ಮನಿಯ ಮೊಸೆಲ್ ನದಿಯ ದಡದಲ್ಲಿ, ಒಂದು ಲೋಟ ಬಿಳಿಯ ವೈನಿನಿಂದ. ಮದ್ಯವನ್ನು ಮುಟ್ಟದ ಮನೆತನದವನು ನಾನು, ಓದುಗರು ಕ್ಷಮಿಸಬೇಕು.

ನನ್ನನ್ನು ಅಲ್ಲಿಗೆ ಸೆಳೆದುದು ಕಾವ್ಯ. ಕ್ರಿ.ಶ. 371ರ ಸುಮಾರಿಗೆ ಔಸೋನಿಯಸ್ ಎಂಬ ಲ್ಯಾಟಿನ್ ಕವಿ ‘ಮೊಸೆಲ್ಲಾ’ ಎಂಬ ಕಾವ್ಯದಲ್ಲಿ ಈ ನದಿಯನ್ನು ವರ್ಣಿಸಿದನು. ಆತನೂ ಉಪಾಧ್ಯಾಯನೇ. ಬೋರ್ಡೋ ನಗರದಲ್ಲಿ ಪಾಠ ಹೇಳುತ್ತಿದ್ದವನನ್ನು ರೋಮಿನ ಚಕ್ರವರ್ತಿ ತನ್ನ ಮಗನ ಶಿಕ್ಷಣಕ್ಕಾಗಿ ಟ್ರಿಯರ್ ನಗರಕ್ಕೆ ಕರೆಸಿಕೊಂಡಿದ್ದನು. ಕವಿ ಮೊದಲು ನದಿಯ ಮೀನುಗಳನ್ನು ಒಂದೊಂದಾಗಿ ಹೆಸರಿಸಿ, ಬಳಿಕ ದ್ರಾಕ್ಷಿಯ ಬೆಟ್ಟಗಳತ್ತ ಕಣ್ಣೆತ್ತುತ್ತಾನೆ. “ಊಟದ ಕ್ರಮವೇ ಅದು” ಎಂದು ನಕ್ಕ ಟ್ರಿಯರಿನ ಸ್ನೇಹಿತರೊಬ್ಬರು ಮೇ ತಿಂಗಳ ಒಂದು ಮಧ್ಯಾಹ್ನ ನನ್ನನ್ನು ಪೀಸ್‌ಪೋರ್ಟ್ ಎಂಬ ಹಳ್ಳಿಗೆ ಕರೆದೊಯ್ದರು. ರೋಮನರು ದ್ರಾಕ್ಷಿ ಹಿಂಡುತ್ತಿದ್ದ ಕಟ್ಟಡದ ಅವಶೇಷ 1985ರಲ್ಲಿ ಬೆಳಕಿಗೆ ಬಂದುದು ಈ ಊರಿನಲ್ಲಿಯೇ.

ಹಳ್ಳಿಯ ಹಿಂದೆ ಗೋಡೆಯಂತೆ ನಿಂತ ಬೆಟ್ಟ. ಅದರ ಮೈಯೆಲ್ಲ ಕಪ್ಪು ಕಲ್ಲಿನ ಚೂರು. ಎಳವೆಯಲ್ಲಿ ನಾವು ಅಕ್ಷರ ತಿದ್ದಿದ ಸ್ಲೇಟಿನ ಜಾತಿಯದೇ ಕಲ್ಲು. ಹಗಲಿನ ಬಿಸಿಲನ್ನು ಅದು ಹೀರಿಟ್ಟುಕೊಂಡು ಇರುಳು ಬಳ್ಳಿಗೆ ಹಿಂದಿರುಗಿಸುತ್ತದೆ. ಆ ತಂಪುನಾಡಿನಲ್ಲಿ ರೀಸ್ಲಿಂಗ್ ಎಂಬ ದ್ರಾಕ್ಷಿ ನಿಧಾನವಾಗಿ ಮಾಗುವುದರಿಂದ ಹಣ್ಣು ಸಿಹಿಯಾದರೂ ಹುಳಿಯನ್ನು ಬಿಟ್ಟುಕೊಡುವುದಿಲ್ಲ. ಅದರಿಂದಾಗುವ ಹಗುರವಾದ ವೈನಿಗೆ ಕಾಬಿನೆಟ್ ಎಂದು ಹೆಸರು. 1971ರ ಕಾನೂನಿನಂತೆ ಇದಕ್ಕೆ ಹೊರಗಿನ ಸಕ್ಕರೆ ಬೆರೆಸುವಂತಿಲ್ಲ. ಇಲ್ಲಿನ ವಾಡಿಕೆಯ ಬಗೆಯಲ್ಲಿ ಹಣ್ಣಿನ ಸಕ್ಕರೆಯೆಲ್ಲ ಹುದುಗಿ ಮುಗಿಯುವ ಮೊದಲೇ ಅದನ್ನು ತಡೆಯುತ್ತಾರೆ. ಮದ್ಯಾಂಶ ನೂರಕ್ಕೆ 8-9ರಷ್ಟೆ.

ತೋಟದೊಡೆಯರಾದ ವೃದ್ಧರು ಬಾವಿಯ ನೀರಿನಷ್ಟು ತಣ್ಣಗಿದ್ದ ಲೋಟವನ್ನು ಮುಂದಿಟ್ಟರು. ಬೇಡವೆನ್ನಲು ಬಾಯಿ ತೆರೆದೆ. ಅವರ ಅಂಗೈಯ ಬಿರುಕುಗಳನ್ನು ಕಂಡು ಮಾತು ಹೊರಡಲಿಲ್ಲ. ಮೊದಲ ಗುಟುಕಿನಲ್ಲಿ ಹಸಿರು ಸೇಬಿನ ಹುಳಿ; ಅದರ ಬೆನ್ನಿಗೇ ಸಿಹಿ; ಮರುಕ್ಷಣ ಎರಡೂ ಇಲ್ಲ, ಮೂರನೆಯದೇನೋ ಇತ್ತು. ಪಾನಕ!

ಸ್ನೇಹಿತರಿಗೆ ಬೆಣ್ಣೆಯಲ್ಲಿ ಹುರಿದ ಟ್ರೌಟ್ ಮೀನು. ಶಾಕಾಹಾರಿಯಾದ ನನಗೆ, ನಮ್ಮ ಶತಾವರಿಯ ಕುಲಕ್ಕೆ ಸೇರಿದ ಬಿಳಿಯ ಆಸ್ಪರಾಗಸ್ ಕುಡಿಗಳು, ಬೇಯಿಸಿದ ಆಲೂಗೆಡ್ಡೆ, ಮೇಲೆ ಕರಗಿಸಿದ ಬೆಣ್ಣೆ. ಬೆಣ್ಣೆಯ ಜಿಡ್ಡನ್ನು ವೈನಿನ ಹುಳಿ ತೊಳೆಯಿತು. ಕುಡಿಗಳ ನಸುಗಹಿಯನ್ನು ಸಿಹಿ ಸಂತೈಸಿತು. ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸಕ್ಕೂ, ಆಡಿನ ಹಾಲಿನ ಎಳೆಯ ಚೀಸಿಗೂ ಇದು ಒಪ್ಪುವುದಂತೆ. ಖಾರದ ಥಾಯ್ ಅಡಿಗೆಗೂ ಒಳ್ಳೆಯ ಜೊತೆ. ಸಿಹಿ ಉರಿಯನ್ನು ತಣಿಸುತ್ತದೆ, ಮದ್ಯಾಂಶ ಕಡಮೆಯಾದುದರಿಂದ ಉರಿ ಹೆಚ್ಚುವುದಿಲ್ಲ. ಆದರೆ ಮಸಾಲೆಯಿಲ್ಲದ ದಪ್ಪ ಗೋಮಾಂಸದ ಮುಂದೆ ಇದು ಸೊರಗುತ್ತದೆ. ತನಗಿಂತ ಸಿಹಿಯಾದ ಭಕ್ಷ್ಯದ ಮುಂದೆ ಬರಿಯ ಹುಳಿಯಾಗಿ ತೋರುತ್ತದೆ. ಕ್ಷೇಮೇಂದ್ರನು ಕಾವ್ಯಕ್ಕೆ ಬಯಸಿದ ಔಚಿತ್ಯವನ್ನು ಇವರು ಊಟದಲ್ಲಿ ಪಾಲಿಸುತ್ತಿದ್ದಾರೆಂದು ನನಗೆ ತೋರಿತು.

ಹೊರಡುವಾಗ ವೃದ್ಧರು ಬೆಟ್ಟದ ಮೇಲ್ಭಾಗದತ್ತ ಕೈ ತೋರಿದರು. ಹಸಿರು ಸಾಲುಗಳ ನಡುವೆ ಮುಳ್ಳುಪೊದೆ ಕವಿದ ಪಟ್ಟಿಯೊಂದಿತ್ತು. ಅಲ್ಲಿ ಯಂತ್ರ ಏರದು. ಬಳ್ಳಿ ಬಳ್ಳಿಗೂ ಕೈಯೇ ಬೇಕು. ನೆರೆಯವರು ಮುದುಕರಾದರು, ಮಕ್ಕಳು ಪಟ್ಟಣ ಸೇರಿದರು, ತೋಟ ಪಾಳುಬಿದ್ದಿತು. “ನನ್ನ ಮಗನೂ ಹಿಂದಿರುಗುವುದಿಲ್ಲ. ನಾನು ಹತ್ತಲಾರದ ವರ್ಷ ಇದೂ ಹಾಗೆಯೇ” ಎಂದರು. ಈಚೆಗೆ ಬೇಸಗೆ ಬಿಸಿಯಾಗಿ ಹಣ್ಣು ಬೇಗ ಮಾಗುತ್ತಿದೆ, ಹಳೆಯ ಹಗುರವಾದ ರುಚಿ ಬರುವುದೇ ಕಷ್ಟವಾಗುತ್ತಿದೆ ಎಂದೂ ಹೇಳಿದರು. ದನಿಯಲ್ಲಿ ದೂರಿರಲಿಲ್ಲ.

ಔಸೋನಿಯಸನ ಕಾವ್ಯ ಹದಿನಾರು ಶತಮಾನ ದಾಟಿ ನನ್ನ ಕೈಸೇರಿದೆ. ಆ ಬೆಟ್ಟದ ರುಚಿಯನ್ನು ಹಾಗೆ ಬರೆದಿಡಲು ಬಾರದು. ವರ್ಷವರ್ಷವೂ ಯಾರಾದರೂ ಅಲ್ಲಿಗೆ ಹತ್ತಬೇಕು. ಲೋಟದಲ್ಲಿ ಉಳಿದುದನ್ನು ಪೂರ್ತಿ ಕುಡಿದೆ. ಈಗ ತರಗತಿಯಲ್ಲಿ ಪಾನಕದ ಮಾತು ಬಂದಾಗ ಒಂದು ಗಳಿಗೆ ನಿಲ್ಲುತ್ತೇನೆ. ಮೇಷ್ಟರು ಪಾಠ ಮರೆತರೆಂದು ಹುಡುಗರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ.