ಗಾಲಿಯೂ ಗಾಳಿಯೂ

ಮೋಟಾರು ಗಾಡಿಯ ಭಾರವನ್ನು ಹೊತ್ತಿರುವುದು ಯಾವುದೆಂದು ಕೇಳಿದರೆ ಕೆಲವರು ಗಾಲಿ ಎನ್ನುವರು, ಮತ್ತೆ ಕೆಲವರು ರಬ್ಬರು ಎನ್ನುವರು. ನಿಜವಾಗಿ ಹೊತ್ತಿರುವುದು ಟೈರಿನೊಳಗೆ ಒತ್ತಿ ತುಂಬಿದ ಗಾಳಿ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಎಂಬಾತನು ಗಾಳಿಯ ಟೈರಿಗೆ ಪೇಟೆಂಟು ಪಡೆದನು. ತನ್ನ ಚಿಕ್ಕ ಮಗನ ಮೂರು ಗಾಲಿಯ ಸೈಕಲ್ಲು ಕುಲುಕದೆ ಓಡಲಿ ಎಂಬುದೇ ಆತನ ಪ್ರಯತ್ನಕ್ಕೆ ಮೂಲ. ಮನೆಯವರ ಮೈ ನೋಯದಿರಲೆಂದು ಹುಟ್ಟಿದ ವಸ್ತುವಿದು ಎಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕಾಗಿ ಕೋರಿಕೆ.

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಟೈರಿನ ಉಸಾಬರಿ ಏಕೆಂದು ನಮ್ಮ ಅಧ್ಯಾಪಕರು ಕೇಳಿಯಾರು. ರಜೆಯಲ್ಲಿ ನಾನು ತೀರ್ಥಹಳ್ಳಿಯಲ್ಲಿರುವ ಸೋದರಮಾವನವರ ಟೈರಿನ ಅಂಗಡಿಯಲ್ಲಿ ಲೆಕ್ಕ ಬರೆಯಲು ಕೂರುವುದುಂಟು. ಎಸ್‌ಯುವಿ ಎನ್ನಿಸಿಕೊಳ್ಳುವ ಎತ್ತರದ ಗಾಡಿಗಳ ಯಜಮಾನರು ಅಲ್ಲಿಗೆ ಬಂದು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಇರುವ ಗಾಲಿ ತೆಗೆದು ದೊಡ್ಡದು ಹಾಕಬಹುದೆ?" ಇದಕ್ಕೆ ಉತ್ತರ ಹೇಳಲು ಇಂಜಿನಿಯರಾಗಬೇಕಿಲ್ಲ, ಹೈಸ್ಕೂಲಿನ ಲೆಕ್ಕ ಮರೆಯದಿದ್ದರೆ ಸಾಕು.

ಕಳೆದ ರಜೆಯಲ್ಲಿ ಒಬ್ಬ ನಿವೃತ್ತ ಮೇಷ್ಟರು ತಮ್ಮ ಮಗನೊಡನೆ ಸ್ಕಾರ್ಪಿಯೊ ಗಾಡಿ ತಂದರು. ಅದರ ಟೈರಿನ ಪಕ್ಕದಲ್ಲಿ 235/65 ಆರ್ 17 ಎಂದು ಅಚ್ಚಾಗಿತ್ತು. 235 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂಬುದು ಅಳತೆಯಲ್ಲ, ಶೇಕಡ. ರಿಮ್ಮಿನ ಅಂಚಿನಿಂದ ನೆಲದವರೆಗೆ ಇರುವ ಟೈರಿನ ಎತ್ತರವು ಅಗಲದ ನೂರಕ್ಕೆ ಅರವತ್ತೈದು ಪಾಲು, ಅಂದರೆ ಸುಮಾರು 153 ಮಿಲಿಮೀಟರು. ಆರ್ ಎಂದರೆ ರೇಡಿಯಲ್. 17 ರಿಮ್ಮಿನ ವ್ಯಾಸ, ಅದು ಮಾತ್ರ ಅಂಗುಲದಲ್ಲಿ. (ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡ, ಅಂಗುಲ ಮೂರನ್ನೂ ಕಲಸಿಟ್ಟವರು ಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆಯುವವರಿಗೆ ನೆಂಟರಿರಬೇಕು.) 17 ಅಂಗುಲವೆಂದರೆ 432 ಮಿಲಿಮೀಟರು, ಮೇಲೊಂದು ಕೆಳಗೊಂದು 153 ಕೂಡಿಸಿದರೆ ಇಡೀ ಗಾಲಿಯ ವ್ಯಾಸ ಸುಮಾರು 737 ಮಿಲಿಮೀಟರು.

ಕಾಪಾಡಿಕೊಳ್ಳಬೇಕಾದ ಮೊದಲ ಸಂಖ್ಯೆ ಈ 737. ಏಕೆಂದರೆ ಗಾಡಿಯ ವೇಗವನ್ನು ಮೀಟರು ತಿಳಿಯುವುದು ಗಾಲಿಯ ಸುತ್ತುಗಳಿಂದ. ರಿಮ್ಮನ್ನು ಹಾಗೆಯೇ ಬಿಟ್ಟು 245/70 ಆರ್ 17 ಟೈರು ಹಾಕಿದೆವೆನ್ನಿ. ವ್ಯಾಸ 775ಕ್ಕೆ ಏರುವುದು, ಅಂದರೆ ಶೇಕಡ ಐದು ಹೆಚ್ಚು. ಮೀಟರು ಮೊದಲು ಸರಿಯಾಗಿ ತೋರುತ್ತಿದ್ದರೆ ಈಗ 80 ತೋರುವಾಗ ಗಾಡಿ 84ರಲ್ಲಿ ಓಡುತ್ತಿರುತ್ತದೆ. ಘಟ್ಟ ಹತ್ತುವಾಗ ಎಳೆತ ಅಷ್ಟು ತಗ್ಗುತ್ತದೆ, ಇಳಿಯುವಾಗ ಬ್ರೇಕಿಗೆ ಅಷ್ಟು ಶ್ರಮ ಹೆಚ್ಚುತ್ತದೆ. ಇದಕ್ಕೆಲ್ಲ ಪ್ರತಿಫಲವಾಗಿ ಗಾಡಿ ನೆಲದಿಂದ ಮೇಲೇರುವುದು 19 ಮಿಲಿಮೀಟರು ಮಾತ್ರ. ವ್ಯಾಸದ ವ್ಯತ್ಯಾಸ ಶೇಕಡ ಮೂರನ್ನು ಮೀರಬಾರದೆಂಬುದು ವ್ಯಾಪಾರದಲ್ಲಿರುವ ರೂಢಿ. ಕಾರ್ಖಾನೆಯವರ ಲೆಕ್ಕ ಇನ್ನೂ ಬಿಗಿಯಾಗಿರಬಹುದು. ಟೊಯೊಟಾ ಫಾರ್ಚುನರ್ ಗಾಡಿಗೆ 265/65 ಆರ್ 17 ಮತ್ತು 265/60 ಆರ್ 18 ಎಂಬ ಎರಡು ಅಳತೆಗಳನ್ನು ಕೊಟ್ಟಿದ್ದಾರೆ. ವಾಚಕರು ಗುಣಿಸಿ ನೋಡಿದರೆ ಎರಡರ ವ್ಯಾಸಕ್ಕೂ ಒಂದೇ ಮಿಲಿಮೀಟರಿನ ಅಂತರ!

ಮೇಷ್ಟರ ಮಗ ಈ ಲೆಕ್ಕ ಬಲ್ಲವನೇ. ಆತ ಆರಿಸಿಕೊಂಡು ಬಂದದ್ದು 20 ಅಂಗುಲದ ಹೊಳೆಯುವ ಅಲಾಯ್ ಗಾಲಿ, ಅದಕ್ಕೆ 245/45 ಟೈರು. ವ್ಯಾಸ 728; ಮೊದಲಿನದಕ್ಕಿಂತ ಶೇಕಡ ಒಂದಕ್ಕೆ ತುಸು ಹೆಚ್ಚು ಕಡಿಮೆಯಾಯಿತು, ಅಷ್ಟೆ. "ಮೀಟರಿಗೆ ಏನೂ ಆಗುವುದಿಲ್ಲ, ಅಪ್ಪ" ಎಂದನು. ಅದು ಸರಿಯೇ. ಮಾವನವರು ವಾದ ಮಾಡಲಿಲ್ಲ. ಅಳತೆಪಟ್ಟಿ ತೆಗೆದು ಹಳೆಯ ಟೈರಿನ ಪಕ್ಕಕ್ಕೆ ಹಿಡಿದು, "ಮೇಷ್ಟ್ರೇ, ಈಗ ನಿಮ್ಮ ರಿಮ್ಮಿಗೂ ರಸ್ತೆಗೂ ನಡುವೆ ಇಷ್ಟು ಗಾಳಿ ಇದೆ. ಅದರಲ್ಲಿ ಇಷ್ಟು ಹೋಗುತ್ತೆ" ಎಂದು ಎರಡು ಬೆರಳು ಅಗಲ ತೋರಿಸಿದರು. ಲೆಕ್ಕದಲ್ಲಿ ನೋಡಿದರೂ 153 ಇದ್ದದ್ದು 110ಕ್ಕೆ ಇಳಿಯುವುದು. ಒಟ್ಟು ವ್ಯಾಸ ಬದಲಾಗದೆ ರಿಮ್ಮು ಬೆಳೆಯಬೇಕಾದರೆ ಗಾಳಿಯ ಪಾಲನ್ನೇ ಕಬಳಿಸಬೇಕು, ಬೇರೆ ದಾರಿಯಿಲ್ಲ.

ಗಿಡ್ಡ ಟೈರಿಗೂ ಗುಣವಿದೆ; ತಿರುವಿನಲ್ಲಿ ಅದು ಕಡಿಮೆ ಓಲಾಡುತ್ತದೆ, ಸ್ಟೀರಿಂಗಿನ ಮಾತನ್ನು ಬೇಗ ಕೇಳುತ್ತದೆ. ನುಣ್ಣನೆಯ ಹೆದ್ದಾರಿಯಲ್ಲಿ ಒಬ್ಬನೇ ಓಡಿಸುವ ಯುವಕನಿಗೆ ಅದು ಸೊಗಸಾಗಿಯೇ ಕಂಡೀತು. ಆದರೆ ಈ ಮೇಷ್ಟರು ಸೊಂಟದ ಶಸ್ತ್ರಚಿಕಿತ್ಸೆಯಾಗಿರುವ ಹೆಂಡತಿಯನ್ನು ತಿಂಗಳಿಗೊಮ್ಮೆ ಆಗುಂಬೆ ಘಟ್ಟ ಇಳಿಸಿ ಮಣಿಪಾಲಕ್ಕೆ ಕರೆದೊಯ್ಯುತ್ತಾರೆ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ಯಾರಿಗೂ ಕಾಣದು. ಅಂಥ ಗುಂಡಿಯ ಅಂಚಿಗೆ ಬಡಿದಾಗ ಎತ್ತರದ ಟೈರು ಬಾಗಿ ಪೆಟ್ಟನ್ನು ನುಂಗುತ್ತದೆ. ಗಿಡ್ಡ ಟೈರು ಬೇಗನೆ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಪಕ್ಕದಲ್ಲಿ ಗುಳ್ಳೆ ಎದ್ದರೆ ಆ ಟೈರಿಗೆ ರಿಪೇರಿಯಿಲ್ಲ. ಪೆಟ್ಟಿನಲ್ಲಿ ಉಳಿದದ್ದು ಸ್ಪ್ರಿಂಗಿಗೆ, ಅಲ್ಲಿಂದ ಸೀಟಿಗೆ, ಸೀಟಿನಿಂದ ಆ ತಾಯಿಯ ಸೊಂಟಕ್ಕೆ.

ಅಳತೆಯ ಪಕ್ಕದಲ್ಲಿ 104 ಎಚ್ ಎಂಬಂಥ ಇನ್ನೊಂದು ಗುರುತಿರುತ್ತದೆ. ಅದನ್ನು ಓದುವವರೇ ಕಡಿಮೆ. 104 ಎಂದರೆ ಒಂದು ಟೈರು ಹೊರಬಲ್ಲ ಭಾರ 900 ಕಿಲೋ. 99 ಎಂದಿದ್ದರೆ 775 ಕಿಲೋ ಮಾತ್ರ. ಎಚ್ ಎಂಬುದು ಗಂಟೆಗೆ 210 ಕಿಲೋಮೀಟರಿನ ವೇಗಮಿತಿ. ನಮ್ಮ ರಸ್ತೆಗಳಲ್ಲಿ ಅದರ ಚಿಂತೆ ಬೇಡ. ಆದರೆ ಏಳು ಜನ ಕುಳಿತು, ಸಾಮಾನು ತುಂಬಿ, ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಿನ ಎರಡು ಗಾಲಿಗಳ ಕಡೆಗೆ ನುಗ್ಗುತ್ತದೆ. ಆದುದರಿಂದ ಭಾರದ ಅಂಕಿ ಕಾರ್ಖಾನೆಯವರು ಕೊಟ್ಟದ್ದಕ್ಕಿಂತ ಕೆಳಗಿಳಿಯಲೇ ಕೂಡದೆಂಬುದು ನನ್ನ ಖಚಿತ ಅಭಿಪ್ರಾಯ.

ರಿಮ್ಮು ಕೊಳ್ಳುವಾಗ ಬೋಲ್ಟುಗಳ ಸಂಖ್ಯೆ ಮತ್ತು ಅಂತರ, ಹಬ್ಬಿನ ಕಂಡಿ, ರಿಮ್ಮಿನ ಅಗಲ ಇವೂ ಹೊಂದಬೇಕು. ಗಾಲಿ ಮಡ್‌ಗಾರ್ಡಿನಿಂದ ಹೊರಗೆ ಚಾಚಿಕೊಂಡರೆ ನೋಡಲು ಗತ್ತೇನೋ ಹೌದು, ಬೇರಿಂಗಿಗೆ ಮಾತ್ರ ಶಿಕ್ಷೆ. ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಅರ್ಥೈಸಿತು. ಹೀಗಿರುವುದರಿಂದ ಕೈಪಿಡಿಯಲ್ಲಿ ಅದೇ ಗಾಡಿಗೆ ಬರೆದಿರುವ ಬದಲಿ ಅಳತೆಯನ್ನು ಆರಿಸುವುದೇ ನಿಶ್ಚಿಂತೆಯ ದಾರಿ.

ಮೇಷ್ಟರು ಕೊನೆಗೆ 17 ಅಂಗುಲದಲ್ಲಿಯೇ ಅಲಾಯ್ ಗಾಲಿ ಕೊಂಡರು. ಟೈರು ಹಳೆಯ ಅಳತೆಯದೇ. ಮಗನ ಮುಖ ಅಷ್ಟೇನೂ ಅರಳಲಿಲ್ಲ. ಹೊರಡುವಾಗ ಮಾವನವರು ಹಿಂಬದಿಯ ಸ್ಟೆಪ್ನಿಯ ಗಾಳಿಯನ್ನೂ ನೋಡಿ ಕಳುಹಿಸಿದರು. ಸ್ಟೆಪ್ನಿ ಎಂಬ ಹೆಸರು ವೇಲ್ಸಿನ ಲನೆಥ್ಲಿ ಎಂಬ ಊರಿನ ಒಂದು ಬೀದಿಯದು. 1904ರಲ್ಲಿ ಹೆಚ್ಚುವರಿ ಗಾಲಿಯನ್ನು ಮಾಡಿ ಮಾರಿದವರ ಕೆಲಸದ ಜಾಗ ಅದು. ಮೇಷ್ಟರ ಸ್ಟೆಪ್ನಿಯೂ 235/65 ಆರ್ 17. ಉಳಿದ ನಾಲ್ಕರ ಜೊತೆ ಯಾವ ಮೂಲೆಗೆ ಬೇಕಾದರೂ ಸಲ್ಲುತ್ತದೆ.